ಒಂದು ಕಿವಿಯ ಮನುಷ್ಯ, ಎರಡು ಕೈಯ ಮೆಷಿನ್

ಅವರು ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಅವರ ಹಾಡಿನ ಮೆಷಿನ್ ಬಗ್ಗೆಯೇ ಕೇಳಿದರು. "ಅದನ್ನೇನ ಮಾಡ್ತಾರಂತ್ರಿ ಈಗ?" ಪಕ್ಕದ ಮನೆಯವಳು ನಾನು, ಹಾಗಾಗಿ ನನ್ನನ್ನು ಕೇಳುತ್ತಿದ್ದರು. ಗೊತ್ತಿಲ್ಲ, ಗೊತ್ತಿಲ್ಲ ಎಂದು ಹೇಳಿ ದಣಿದೆ. ಈ ವಯಸ್ಸಿನಲ್ಲಿ ಕಂಡೋಲೆನ್ಸ್ ವಿಸಿಟ್ ಅನ್ನುವುದೇ ಒಂದು ನೌಕರಿ ಆಗಿಬಿಟ್ಟಿದೆ. ತಿಂಗಳಿಗೆ ಒಂದೆರಡು ಮನೆ, ಅದೇ ಜಮಖಾನೆ, ಅದೇ ನಾಲ್ಕು ಮಾತು, ಏಳುವಾಗ ಅದೇ ಮೊಣಕಾಲು ನೋವು. ಇವರ ಮನೆಯಲ್ಲಿ ಮಾತ್ರ ನಾಲ್ಕು ಮಾತೂ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕೋಡಿಯ ನಮ್ಮ ಓಣಿಗೆ ಅವರು ಬಂದದ್ದು ಸಕ್ಕರೆ ಫ್ಯಾಕ್ಟರಿಯಿಂದ ರಿಟೈರ್ ಆದ ಮೇಲೆ. ಫಿಟ್ಟರ್ ಆಗಿದ್ದರು. ಹುಟ್ಟಿದ ಊರು ಶೇಡಬಾಳ, ಜೈನರು. ಪ್ರಾಯದಲ್ಲಿ ಬಾಯ್ಲರ್ ಹತ್ತಿರ ಒಂದು ಸ್ಟೀಮ್ ಪೈಪ್ ಬಿರಿದು ಬಲಗಿವಿ ಪೂರ್ತಿ ಹೋಗಿತ್ತಂತೆ. ಯಾರಾದರೂ ಮಾತಾಡಿಸಿದರೆ ಎಡಗಿವಿ ಮುಂದೆ ಕೊಡಲು ಮುಖವನ್ನು ಆಚೆಗೆ ತಿರುಗಿಸುತ್ತಿದ್ದರು. ಮೊದಲ ದಿನ ಗೇಟಿನ ಬಳಿ ನಾನು "ಗುಡ್ ಮಾರ್ನಿಂಗ್" ಅಂದಾಗಲೂ ಹಾಗೇ ತಿರುಗಿದರು. ವಾಟ್ ಅ ರೂಡ್ ಮ್ಯಾನ್ ಅಂದುಕೊಂಡು ಒಳಗೆ ಬಂದೆ. ಒಂದು ವಾರ ಮಾತಾಡಿಸಲಿಲ್ಲ.

ಎಂಟನೆಯ ದಿನ ಅವರ ಹೆಂಡತಿಯೇ ಒಂದು ಬಟ್ಟಲು ಶೇಂಗಾ ಚಟ್ನಿ ಹಿಡಿದು ಬಂದರು. ಇಡೀ ಓಣಿ ಆಮೇಲೆ ಅವರನ್ನು ವೈನಿ, ಅಂದರೆ ಅತ್ತಿಗೆ, ಅಂತಲೇ ಕರೆಯಿತು. "ಸಿಟ್ಟಾಗಬ್ಯಾಡ್ರಿ ಬಾಯಾರ. ಇವರದು ಒಂದು ಕಿವಿ ಸುಟ್ಟೈತಿ, ಇನ್ನೊಂದು ಆ ಮೆಷಿನ್ನಿಗೆ ಬರಕೊಟ್ಟಾರ. ನನಗ ಎರಡೂ ಕಿವಿ ಅದಾವು, ನನ್ನ ಯಾರೂ ಮಾತಾಡ್ಸಂಗಿಲ್ಲ. ಅದಕ್ಕ ನಿಮ್ಮ ಕಡೆ ಬಂದೆ."

ನಾನು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿದವಳು. ಈ ಕಡೆ ಟೀಚರಮ್ಮನಿಗೆ ಬಾಯಾರ ಅನ್ನುತ್ತಾರೆ. ಅವರೂ ಕೊನೆಯವರೆಗೆ ಹಾಗೇ ಕರೆದರು.

ಮೆಷಿನ್ ಇದ್ದದ್ದು ನಡುಮನೆಯಲ್ಲಿ, ಕಿಟಕಿಯಿಂದ ದೂರ, ಗೋಡೆಯಲ್ಲಿ ಹುಗಿದು ಕೂರಿಸಿದ ಒಂದು ಕಲ್ಲಿನ ಹಲಗೆಯ ಮೇಲೆ. ಟರ್ನ್‌ಟೇಬಲ್ ಒಂದೇ, ಆದರೆ ರೆಕಾರ್ಡಿನ ಮೇಲೆ ಸೂಜಿ ಇಡುವ ಕೈ ಎರಡು. ಬಲಬದಿಯಲ್ಲಿ ತೆಳ್ಳಗೆ ಹೊಳೆಯುವ ಕೈ ಸ್ಟೀರಿಯೋ ರೆಕಾರ್ಡಿಗೆ. ಹಿಂಬದಿಯಲ್ಲಿ ಗಿಡ್ಡ, ದಪ್ಪ, ಕರಿಯ ಕೈ, ಅದರ ತುದಿಯಲ್ಲಿ ಸೂಜಿ ಹಿಡಿದ ಕಾರ್ಟ್ರಿಜ್ ಬರೀ ಮೋನೋ ರೆಕಾರ್ಡಿಗೆ. ಆ ಗಿಡ್ಡ ಕೈಯನ್ನು ಮುಂಬೈ ಗುಜರಿಯಲ್ಲಿ ಹುಡುಕಿ ತಂದು, ಫ್ಯಾಕ್ಟರಿಯ ಲೇತಿನಲ್ಲಿ ಅದಕ್ಕೊಂದು ಹಿತ್ತಾಳೆಯ ಪೀಠ ಕಡೆಸಿ, ತಾವೇ ಕೂರಿಸಿದ್ದರು. ಕರಿಯ ಕೈಗೆ ಸ್ಪೀಕರ್ ಒಂದೇ ಒಂದು, ಗೋಧಿ ಡಬ್ಬಿಯಷ್ಟು ದೊಡ್ಡದು. ಅವರ ಕುರ್ಚಿಯ ಎಡಕ್ಕೆ ಇಟ್ಟಿದ್ದರು.

"ಎರಡು ಕೈ ಯಾಕ್ರಿ? ಒಂದಕ್ಕೇ ಸೂಜಿ ಬದಲಿ ಮಾಡಿದರೆ ಆಗುವುದಿಲ್ಲವೇ?" ಎಂದು ಒಮ್ಮೆ ಕೇಳಿದೆ.

"ನಿಮ್ಮ ಕನ್ನಡಕ ವೈನಿ ಹಾಕ್ಕೊಂಡು, ಹೊಳ್ಳಿ ನೀವು ಹಾಕ್ಕೊಂಡು, ದಿನಾ ಹಂಗ ಮಾಡಿದ್ರ ಏನಾದೀತು? ಮೂಗು ಬ್ಯಾರೆ, ಕಣ್ಣು ಬ್ಯಾರೆ. ಒಬ್ಬೊಬ್ಬರಿಗೆ ಒಂದೊಂದು." ಆಮೇಲೆ ಹೊಳೆಯುವ ಕೈ ತೋರಿಸಿ, "ಆ ಸಪೂರ ಕೈ ನಿಮ್ಮ ವೈನಿದು. ಆಕಿ ಸಿನಿಮಾ ಹಾಡು ಕೇಳ್ತಾಳ. ನನಗ ಅದು ಬ್ಯಾಡ. ಸ್ಟೀರಿಯೋ ಅಂದ್ರ ಅರ್ಧಾ ಹಾಡು ಎಡಕ್ಕ, ಅರ್ಧಾ ಬಲಕ್ಕ. ಬಲಕ್ಕಿದ್ದದ್ದು ನನ್ನ ಸತ್ತ ಕಿವಿಗೆ ಹೋಗ್ತೈತಿ. ಮೋನೋದಾಗ ಹಂಗಿಲ್ರಿ. ಎಲ್ಲಾ ಒಂದೇ ಕಡೆಯಿಂದ ಬರ್ತೈತಿ. ಒಂದು ಕಿವಿ ಇದ್ದಾಂವಗೂ ಪೂರಾ ಪಾಲು."

ರೆಕಾರ್ಡಿಗೆ ಅವರು ಮರಾಠಿಯ ತಬಕಡಿ ಅನ್ನುವ ಮಾತನ್ನೇ ಬಳಸುತ್ತಿದ್ದರು. ಪಾಠ ಹೇಳುವುದೆಂದರೆ ಅವರಿಗೆ ಬಲು ಖುಷಿ, ನಾನು ಟೀಚರ್ ಎಂದು ಇನ್ನೂ ಹೆಚ್ಚು. "ನೋಡ್ರಿ ಬಾಯಾರ, ಮೋನೋ ತಬಕಡ್ಯಾಗ ಹಾಡಿನ ಗೆರಿ ಎಡಕ್ಕ ಬಲಕ್ಕ ಅಷ್ಟ ಹೊಯ್ದಾಡ್ತೈತಿ. ಮ್ಯಾಲ ಕೆಳಗ ಆಗೂದು ಬರೀ ಧೂಳು, ಗೀರು, ಸವಕಳಿ. ಈ ಸೂಜಿಗೆ ಮ್ಯಾಲ ಕೆಳಗ ಅಂದದ್ದು ಕೇಳ್ಸಂಗಿಲ್ಲ. ಇದೂ ನನ್ನಂಗ ಅರ್ಧಾ ಕಿವುಡು. ಅದಕ್ಕ ಹಾಡು ಸ್ವಚ್ಛ ಬರ್ತೈತಿ."

ಒಮ್ಮೆ ಬ್ಯಾಂಕಿನ ಮ್ಯಾನೇಜರ್ ಒಬ್ಬರು ತಮ್ಮ ಹೊಸ ರೆಕಾರ್ಡ್ ತಂದು, ಗೊತ್ತಿಲ್ಲದೆ ಆ ಕರಿಯ ಕೈಯನ್ನು ಎತ್ತಿದರು. ಇವರು ಕುರ್ಚಿಯಿಂದ ಎದ್ದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದೆ. ಮ್ಯಾನೇಜರರ ಮಣಿಕಟ್ಟು ಹಿಡಿದರು, ಮಗುವಿನ ಕೈಯಿಂದ ಬ್ಲೇಡು ಬಿಡಿಸುವ ಹಾಗೆ. "ಸಾಹೇಬ್ರ, ಹೊಸಾದ್ರಾಗ ಏರು ಇಳಿವು ಅದಾವು. ಈ ಸೂಜಿಗೆ ಏರಾಕ ಬರಂಗಿಲ್ಲ. ಬಾಗಿ ನಡಿಯೂದ ಗೊತ್ತಿಲ್ಲದಾಂವ ಅಡ್ಡ ಬಂದದ್ದು ಕೆತ್ತಿ ಹಾಕ್ತಾನ." ಮ್ಯಾನೇಜರ್ ನಕ್ಕರು. ಇವರು ನಗಲಿಲ್ಲ.

ಆ ಕರಿಯ ಕೈ ಇದ್ದದ್ದೇ ಒಂದು ತಬಕಡಿಗೋಸ್ಕರ. ಅದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಅಂಗೈಗಿಂತ ಸ್ವಲ್ಪ ದೊಡ್ಡದು, ನಿಮಿಷಕ್ಕೆ ನಲವತ್ತೈದು ಸುತ್ತಿನದು, ಒಂದೊಂದು ಬಾಜೂಕ್ಕೆ ಒಂದೊಂದು ಹಾಡು. ಅವರ ಅಕ್ಕ ಹಾಡಿದ್ದು. ಹದಿನೆಂಟರ ವಯಸ್ಸಿನಲ್ಲಿ ಶೇಡಬಾಳದ ಬಸದಿಯಲ್ಲಿ ಹಾಡಿದ್ದನ್ನು ಕೇಳಿ, ಮಿರಜ ಕಡೆಯ ಒಂದು ಸಣ್ಣ ಕಂಪನಿಯವರು ಕರೆದೊಯ್ದು ರೆಕಾರ್ಡ್ ಮಾಡಿದ್ದರಂತೆ. ಆ ಕಂಪನಿ ಎಂದೋ ಮುಳುಗಿತು. ಒಂದು ಬದಿಗೆ ಕನ್ನಡದ ಹಾಡು, ಇನ್ನೊಂದು ಬದಿಗೆ ಮರಾಠಿಯದು. ಬೇರೆ ಪ್ರತಿ ಎಲ್ಲಿಯೂ ಸಿಗಲಿಲ್ಲ, ಹುಡುಕಿದ್ದರು. ಅಕ್ಕನಿಗೆ ಮದುವೆಯಾಯಿತು, ಗಂಡ ಬೇಗ ಹೋದರು, ನಲವತ್ತು ದಾಟಿದ ಮೇಲೆ ಒಂದು ದಿನ ದೀಕ್ಷೆ ತೆಗೆದುಕೊಂಡರು. ಮನೆ ಬಿಟ್ಟರು, ಹೆಸರು ಬಿಟ್ಟರು, ಕೂದಲು ಬಿಟ್ಟರು, ಹಾಡನ್ನೂ ಬಿಟ್ಟರು. ಒಂದು ಬಿಳಿ ಸೀರೆ, ನವಿಲುಗರಿಯ ಪಿಂಛಿ, ಕಮಂಡಲ, ಬರಿಗಾಲಿನ ನಡಿಗೆ.

"ಜಗಳಾ ಮಾಡಿ ಹೋಗ್ಲಿಲ್ರಿ. ಊಟಾ ಮುಗಿಸಿ ಏಳ್ತಾರಲ್ಲ, ಹಂಗ ಎದ್ಲು. ಆಮ್ಯಾಲ ನಾ ದರ್ಶನಕ್ಕ ಹೋದೆ, ವಂದಾಮಿ ಅಂತ ಕೈ ಮುಗದೆ. ಎಲ್ಲಾರಿಗೂ ಆಶೀರ್ವಾದ ಮಾಡಿದಂಗ ನನಗೂ ಮಾಡಿದ್ರು. ಆಕಿ ನನ್ನ ತಮ್ಮಾ ಅಂದಿದ್ರ ಅದು ಆಕಿ ತಪ್ಪು ಆಗ್ತಿತ್ತು. ನಾ ಅಕ್ಕಾ ಅಂದಿದ್ರ ನಂದು." ತಬಕಡಿಯ ನಡುವಿನ ಹಸಿರು ಲೇಬಲ್ ಮೇಲೆ ಬೆರಳಿಟ್ಟು ತೋರಿಸಿದರು. "ಈ ಹೆಸರಿನವ್ರು ಈಗ ಯಾರೂ ಇಲ್ಲ."

ಕನ್ನಡದ ಬಾಜೂ ಅವರಿಗೆ ಮೊದಲನೇದು. ಅದು ತಾಯಿಗೆ ಇಷ್ಟವಾದ ಹಾಡಂತೆ. ತಾಯಿಯ ಪುಣ್ಯತಿಥಿಯ ದಿನ ಮಾತ್ರ, ವರ್ಷಕ್ಕೊಮ್ಮೆ, ಹಚ್ಚುತ್ತಿದ್ದರು. ಎರಡನೇ ಬಾಜೂ, ಮರಾಠಿಯದು, ದಿನದ ಪಾಲು. ಸಂಜೆ ಐದಕ್ಕೆ, ಒಂದೇ ಸಲ. ಜೈನರ ನೇಮ, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು, ಅದಕ್ಕಿಂತ ಮುಂಚೆ ಹಾಡು ಮುಗಿಯಬೇಕು. "ತಬಕಡೀನೂ ಒಂದು ದಿನಾ ದಣಿವು ಆರಿಸಿಕೋಬೇಕ್ರಿ. ಕಾದ ಗೆರಿ ಮ್ಯಾಲ ಹೊಳ್ಳಿ ಸೂಜಿ ಇಡಬಾರದು." ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ನಾನೂ ಅನೇಕ ಸಂಜೆ ಅಲ್ಲಿ ಕೂತೆ. ಒಂದು ಹುಡುಗಿಯ ದನಿ, ಹಿಂದೆ ಹಾರ್ಮೋನಿಯಂ, ಮಧ್ಯೆ ಎಲ್ಲಿಯೋ ಒಂದು ಉಸಿರು ತೆಗೆದುಕೊಳ್ಳುವ ಸದ್ದು. ಆ ಉಸಿರು ಬಂದಾಗ ಅವರ ಬಲಗೈಯ ಬೆರಳು ಕುರ್ಚಿಯ ಹಿಡಿಕೆಯ ಮೇಲೆ ಒಮ್ಮೆ ಏಳುತ್ತಿತ್ತು.

ಎರಡು ವರ್ಷದ ಹಿಂದೆ ಅವರ ಎಡಗಿವಿಯೂ ಸೋಲತೊಡಗಿತು. ಮಿರಜದ ಡಾಕ್ಟರ್ ಕಿವಿಗೆ ಹಾಕುವ ಮಶಿನ್ನು ಕೊಟ್ಟರು. ಅದನ್ನು ಹಾಕಿಕೊಂಡರೆ ವೈನಿಯ ಬಳೆ ಸದ್ದು ಗುಡುಗಿನಂತೆ, ಅಕ್ಕನ ದನಿ ಇರುವೆಯಂತೆ ಕೇಳುತ್ತದೆ ಎಂದು ಕಿತ್ತಿಟ್ಟರು. ಕೆಲವು ತಿಂಗಳು ಕಳೆಯುವುದರೊಳಗೆ ಮೋನೋ ಕಾರ್ಟ್ರಿಜ್‌ನ ಸೂಜಿಯ ತುದಿ ಸವೆದಿತ್ತು. ನಿಪ್ಪಾಣಿಯಿಂದ ಕುರಿಯರ್ ಮಾಡಿ ಪುಣೆಗೆ ಕಳಿಸಿ ಹೊಸ ತುದಿ ಹಾಕಿಸಿ ತರಿಸಿದರು. ಅದು ಬಂದದ್ದು ಹೋದ ವರ್ಷದ ಯುಗಾದಿಗೆ ಎರಡು ದಿನ ಮುಂಚೆ.

ಹೊಸ ತುದಿ ತಬಕಡಿಯ ಮೇಲೆ ಎಷ್ಟು ಒತ್ತಬೇಕೋ ಅಷ್ಟು ತೂಕ ಕೂಡಿಸಬೇಕು. ಕೈಯ ಹಿಂದಿನ ಗುಂಡನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುವುದು. ಅವರು ಅಲ್ಲಿಯವರೆಗೆ ಅದನ್ನು ಕಿವಿಯಿಂದಲೇ ಮಾಡುತ್ತಿದ್ದರು. ಈಗ ಕಿವಿ ಸಾಲದು. ವೈನಿಯನ್ನು ಕೇಳಿದರೆ "ಹಾಡು ಹಾಡಿನಂಗ ಐತಿ" ಅನ್ನುತ್ತಿದ್ದರು. ಆದ್ದರಿಂದ ನನಗೆ ಕರೆ ಬಂತು.

"ನೀವು ಜನ್ಮ ಎಲ್ಲಾ ಹುಡುಗುರ ಸ, ಶ ತಿದ್ದೀರಿ. ನಿಮ್ಮ ಕಿವಿಗಿಂತ ಚೊಲೊ ಕಿವಿ ಈ ತಾಲೂಕಿನ್ಯಾಗ ಇಲ್ಲ. ಸೂಜಿ ಹಗುರಾದ್ರ ಗೆರಿ ಬಿಟ್ಟು ಜಿಗಿತೈತಿ, ಬಿದ್ದಲ್ಲಿ ಕಚ್ಚತೈತಿ. ಜನಾ ಹಗುರ ಇಟ್ರ ಚೊಲೊ ಅಂತ ತಿಳೀತಾರ, ಸುಳ್ಳು. ಹಗುರ ಕೈನ ಹೆಚ್ಚ ಕೆಡಸ್ತೈತಿ. ಸ, ಶ ಬಂದಾಗ ಸೀಳಿದಂಗ ಕೇಳಿದ್ರ ಹೇಳ್ರಿ. ಅಷ್ಟ."

ಎರಡು ತಾಸು ಹಿಡಿಯಿತು. ಬೇರೆ ಹಳೆಯ ತಬಕಡಿ ಹಚ್ಚುವುದು, ಗುಂಡು ಸರಿಸುವುದು, ನನ್ನ ಮುಖ ನೋಡುವುದು. ಬಗ್ಗಿ ಬಗ್ಗಿ ಅವರ ಬೆನ್ನ ಮೇಲಿನ ಶರ್ಟು ಒದ್ದೆಯಾಗಿತ್ತು. ನನಗೂ ಸೊಂಟ ಹಿಡಿದಿತ್ತು, ಬಿಪಿ ಗುಳಿಗೆಯ ಹೊತ್ತು ಮೀರಿತ್ತು. ಕೊನೆಗೆ ಅಕ್ಕನ ತಬಕಡಿಯ ಎರಡನೇ ಬಾಜೂ ಹಚ್ಚಿದರು. ದನಿ ಚೆನ್ನಾಗಿತ್ತು, ಸ ಬಂದಾಗ ಮಾತ್ರ ತುದಿಯಲ್ಲಿ ಒಂದು ಸಣ್ಣ ಉಗುಳಿನಂಥ ಸದ್ದು. ಹೊಸ ಬಟ್ಟೆಯಲ್ಲಿ ಎಲ್ಲೋ ಒಂದು ಎಳೆ ಹರಿದ ಹಾಗೆ. ನನಗೆ ಕೇಳಿಸಿತು. ಖಂಡಿತ ಕೇಳಿಸಿತು.

ಅವರು ಬಗ್ಗಿಕೊಂಡೇ ತಲೆಯೆತ್ತಿ ನೋಡಿದರು. "ಹೆಂಗೈತ್ರಿ?"

ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಗಣಿತ ಅರ್ಧಂಬರ್ಧ ಕಲಿಸಿದರು, ಪೋಲೈಟ್ ಆಗಿರುವುದನ್ನು ಪೂರ್ತಿ ಕಲಿಸಿದರು. ಬೆವೆತು ನಿಂತ ಮನುಷ್ಯನಿಗೆ ಇನ್ನೊಮ್ಮೆ ಮಾಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಇದು ಒಂದು ಕಾರಣ. ಮನೆಗೆ ಹೋಗಿ ಅಡ್ಡಾಗಬೇಕಿತ್ತು, ಅದು ಇನ್ನೊಂದು. ಯಾವುದು ದೊಡ್ಡದು ಎಂದು ಈಗ ಕೇಳಿದರೆ ಎರಡನೆಯದು ಅನ್ನಬೇಕಾಗುತ್ತದೆ.

"ಚೊಲೊ ಐತ್ರಿ. ಬ್ಯೂಟಿಫುಲ್," ಅಂದೆ.

ಅವರು ಗುಂಡಿನ ಸಣ್ಣ ಸ್ಕ್ರೂ ಬಿಗಿ ಮಾಡಿದರು.

ಆಮೇಲೆ ಎರಡು ತಿಂಗಳು ಅವರು ದಿನಾ ಐದಕ್ಕೆ ಆ ಬಾಜೂ ಹಚ್ಚಿದರು. ಅವರಿಗೆ ದನಿ ಮಸುಕಾಗಿ ಬರುತ್ತಿತ್ತು, ಸ ಶ ಎಲ್ಲ ಆಗಲೇ ಅವರ ಕಿವಿಯ ಆಚೆ. ನಾನು ಬೇಸಿಗೆ, ಸೆಖೆ, ಕಾಲುನೋವು ಎಂದು ಹೋಗುವುದು ಕಡಿಮೆ ಮಾಡಿದೆ. ಹೋದಾಗಲೆಲ್ಲ ಆ ಸೀಳು ಸ್ವಲ್ಪ ಸ್ವಲ್ಪ ಅಗಲವಾಗುತ್ತಿರುವುದು ತಿಳಿಯುತ್ತಿತ್ತು. ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಅನ್ನುತ್ತಾರಲ್ಲ. ಸೋ, ಸುಮ್ಮನಿದ್ದೆ.

ಮೇ ರಜೆಯಲ್ಲಿ ಅಥಣಿಯಿಂದ ನನ್ನ ತಂಗಿಯ ಮಗಳು ಬಂದಳು. ಅವಳ ಗಂಡನಿಗೆ ದ್ರಾಕ್ಷಿ ತೋಟ, ಮಣೂಕದ, ಅಂದರೆ ಒಣದ್ರಾಕ್ಷಿಯ ಚೀಲ ತಂದಿದ್ದಳು. ಆಚೆ ಮನೆಗೂ ಕೊಟ್ಟು ಬರೋಣ ಎಂದು ಹೋದೆವು. ಹಾಡು ನಡೆದಿತ್ತು. ಅವಳು ಬಾಗಿಲಲ್ಲೇ ನಿಂತು ಮುಖ ಸಿಂಡರಿಸಿ, "ಮಾವಶಿ, ಯಾಕ ಹಿಂಗ ಸೀಳಾಕತ್ತೈತಿ? ಹರಕ ಸ್ಪೀಕರೇನು?" ಅಂದಳು. ದೊಡ್ಡ ದನಿ ಅವಳದು. ಆ ಮಾತು ಅವರ ಎಡಗಿವಿಗೂ ತಲುಪಿತು.

ಅವರು ನಿಧಾನವಾಗಿ ಕೈ ಎತ್ತಿಟ್ಟರು. ತಬಕಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ವಾಚ್ ರಿಪೇರಿಯ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು. ಗೆರೆಗಳು ಸವೆದು ಬೂದಿ ಬಣ್ಣಕ್ಕೆ ತಿರುಗಿದ್ದವು, ನನಗೆ ಬರಿಗಣ್ಣಿಗೇ ಕಂಡಿತು. ಆಮೇಲೆ ನನ್ನ ಕಡೆ ತಿರುಗಿದರು.

"ಯುಗಾದಿ ಮುಂದ ಕೂಡಿಸಿದಾಗ ಇದು ಕೇಳಿತ್ತೇನ್ರಿ ನಿಮಗ?"

"ಇಲ್ಲ ರೀ," ಅಂದೆ. ಎರಡನೇ ಸಲ.

"ಹಂಗಾರ ಆಮ್ಯಾಲ ಗುಂಡು ಸರದಿರಬೇಕು," ಅಂದರು. ವೈನಿ ಚಹಾ ತಂದರು. ಊರಿಂದ ಬಂದಾಕಿ ಎಂದು ನನ್ನ ತಂಗಿಯ ಮಗಳಿಗೆ ಹೆಚ್ಚು ಸಕ್ಕರೆ ಹಾಕಿದ್ದರು.

ಕನ್ನಡದ ಬಾಜೂವನ್ನು ಆ ಕೆಟ್ಟ ತೂಕದಲ್ಲಿ ಹಚ್ಚಿರಲಿಲ್ಲ, ಅದೊಂದು ಉಳಿದಿತ್ತು. ಆದರೆ ಅವರಿಗೆ ಭಯ ಬಂದುಬಿಟ್ಟಿತು. ಕಿವಿಯನ್ನು, ಯಾರ ಕಿವಿಯನ್ನೂ, ನಂಬುವುದಿಲ್ಲ, ಕಣ್ಣಿಗೆ ಕಾಣುವ ತೂಕ ಬೇಕು ಎಂದು ಸೂಜಿ ತೂಗುವ ಸಣ್ಣ ತಕ್ಕಡಿ ತರಿಸಲು ಹೇಳಿದರು. ಅದು ಬರಲು ಮೂರು ವಾರ, ಅಲ್ಲಿಯವರೆಗೆ ಹಾಡು ಬಂದ್. ಆ ಮೂರು ವಾರದಲ್ಲಿ ಒಂದು ಜ್ವರ ಬಂತು. ಜ್ವರ ಇಳಿದಾಗ ಎಡಗಿವಿಯಲ್ಲಿ ಏನೂ ಉಳಿದಿರಲಿಲ್ಲ. ನಾನು ಹಾಳು ಮಾಡಿದ್ದು ಒಂದು ಹಾಡು ಅಷ್ಟೇ ಅಲ್ಲ. ಅವರ ಕಿವಿಯ ಕೊನೆಯ ಮೂರು ವಾರವನ್ನೂ.

ತಕ್ಕಡಿ ಬಂದ ಮೇಲೆ ಸರಿಯಾಗಿ ತೂಗಿ, ತಾಯಿಯ ದಿನಕ್ಕೆ ಕಾಯದೆ, ಒಂದು ಸಂಜೆ ಮೊದಲನೇ ಬಾಜೂ ಹಚ್ಚಿದರು. ನನ್ನನ್ನೂ ಕೂರಿಸಿದರು. ಸ್ಪೀಕರಿನ ಹಲಗೆಗೆ ಅಂಗೈ ಒತ್ತಿಕೊಂಡು, ತಿರುಗುವ ಹಸಿರು ಲೇಬಲ್ಲನ್ನೇ ನೋಡುತ್ತಿದ್ದರು. ಹಾಡು ಮುಗಿಯಿತು, ಕೈ ಎತ್ತಿದರು, ಕವರಿನಲ್ಲಿ ಹಾಕಿದರು. ಹೇಗಿತ್ತು ಎಂದು ಕೇಳಲಿಲ್ಲ. ಕೇಳದಿದ್ದಾಗ ನಾನಾಗಿ ಹೇಳಲಿಲ್ಲ.

ಆ ವರ್ಷದ ಚಾತುರ್ಮಾಸಕ್ಕೆ ಮಾತಾಜಿಯವರು, ಅಂದರೆ ಅವರ ಅಕ್ಕ, ಶೇಡಬಾಳಕ್ಕೆ ಬಂದರು. ನಡೆಯುವುದು ಕಷ್ಟವಾಗಿದೆಯಂತೆ, ಇದೇ ಕೊನೆಯದಿರಬಹುದು ಎಂದು ಸುದ್ದಿ. ವೈನಿ ನನ್ನನ್ನೂ ಕರೆದರು. ಒಂದು ಬಾಡಿಗೆ ಕಾರಿನಲ್ಲಿ ರಾಯಬಾಗ ದಾಟಿ, ಕುಡಚಿಯ ಸೇತುವೆ ದಾಟಿ ಹೋದೆವು. ಹೊಳೆ ಕೆಂಪಗೆ ದಂಡೆಯವರೆಗೆ ತುಂಬಿತ್ತು. ಅವರು ದಾರಿಯುದ್ದಕ್ಕೂ ಕಬ್ಬು ನೋಡುತ್ತ ಕೂತಿದ್ದರು. ಈಗ ಅವರ ಜೊತೆ ಮಾತೆಂದರೆ ಒಂದು ಪ್ಯಾಡು, ಒಂದು ಪೆನ್ನು. ಅವರು ಬಾಯಿಂದ ಹೇಳುತ್ತಿದ್ದರು, ನಾವು ಬರೆಯುತ್ತಿದ್ದೆವು.

ಬಸದಿಯ ಪಕ್ಕದ ಹಾಲ್‌ನಲ್ಲಿ ಪ್ರವಚನ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಮಾತಾಜಿ ಹಲಗೆಯ ಮೇಲೆ ಕೂತಿದ್ದರು, ಒಂದು ಹಿಡಿಯಷ್ಟು ಮನುಷ್ಯಳು. ಮುಂದೆ ಮೈಕು. ಇವರು ಗಂಡಸರ ಮೊದಲ ಸಾಲಿನಲ್ಲಿ ಕೈ ಮುಗಿದು, ಅವರ ತುಟಿಗಳನ್ನೇ ನೋಡುತ್ತಿದ್ದರು. ಅರ್ಧ ತಾಸಾದ ಮೇಲೆ ಎಲ್ಲರಿಗೂ ಆಶೀರ್ವಾದ. ಇವರಿಗೂ ಎಲ್ಲರಿಗೆ ಎತ್ತಿದಷ್ಟೇ ಎತ್ತರಕ್ಕೆ ಪಿಂಛಿ ಎತ್ತಿದರು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು. ವೈನಿ ಚಪ್ಪಲಿ ಹುಡುಕಲು ಹೋದರು. ಇವರು ಪ್ಯಾಡನ್ನು ನನ್ನ ತೊಡೆಯ ಮೇಲಿಟ್ಟರು.

"ಅಕ್ಕನ ದನಿ ಹೆಂಗೈತ್ರಿ? ತಬಕಡ್ಯಾಗಿನ ದನೀನ ಐತೇನು?"

ಹೌದು ಎಂದು ಬರೆಯಬಹುದಿತ್ತು. ಎರಡೇ ಅಕ್ಷರದ ಕೆಲಸ. ಎಪ್ಪತ್ತಾರು ವರ್ಷದ ಅಭ್ಯಾಸ, ಪೆನ್ನು ತಾನಾಗಿ ಆ ಕಡೆಗೇ ಹೊರಟಿತ್ತು. ಅವರು ನನ್ನ ಕೈಯನ್ನು ನೋಡುತ್ತಿರಲಿಲ್ಲ, ಮುಖವನ್ನು ನೋಡುತ್ತಿದ್ದರು.

ಬರೆದೆ: "ಇಲ್ಲ. ಗುರುತೇ ಸಿಗಲಿಲ್ಲ. ಯಾವುದೋ ಮುದುಕಿಯ ದನಿ." ಅಲ್ಲಿಗೆ ಪೆನ್ನು ನಿಲ್ಲಲಿಲ್ಲ. "ಯುಗಾದಿ ಮುಂಚೆ ಸ, ಶ ಸೀಳುತ್ತಿತ್ತು. ನನಗೆ ಕೇಳಿಸಿತ್ತು. ಸುಳ್ಳು ಹೇಳಿದೆ. ಮೇ ತಿಂಗಳಲ್ಲೂ ಸುಳ್ಳು ಹೇಳಿದೆ."

ಅವರು ಕನ್ನಡಕ ಮೇಲೆ ಸರಿಸಿ, ಕಣ್ಣ ಹತ್ತಿರ ಹಿಡಿದು ಓದಿದರು. ಎರಡು ಸಲ ಓದಿದರು.

"ದನಿ ಬ್ಯಾರೆ ಆಗೈತಿ ಅಂದ್ರ ಚೊಲೊ ಆತು. ಬಿಡಬೇಕು ಅಂತ ಹೋದಾಕಿ, ಪೂರಾ ಬಿಟ್ಟಾಳ." ಕನ್ನಡಕ ಕೆಳಗಿಳಿಸಿದರು. "ಇನ್ನೊಂದು ನನಗ ಗೊತ್ತಿತ್ರಿ ಬಾಯಾರ. ನಿಮ್ಮ ಕಿವಿ ನಿಮ್ಮ ಮಾರಿ ಮ್ಯಾಲ ಐತಿ. ಆವತ್ತ ನಾ ನೋಡಿದ್ದೆ. ನನಗೂ ಸಾಕಾಗಿತ್ತು, ನೀವು ಹೂಂ ಅಂದದ್ದು ಬೇಕಾಗಿತ್ತು. ಸ್ಕ್ರೂ ಬಿಗಿ ಮಾಡಿದ್ದು ನನ್ನ ಕೈ."

ನನಗೆ ಅಳು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು.

ಪ್ಯಾಡನ್ನು ಮತ್ತೆ ನನ್ನ ಕಡೆ ತಳ್ಳಿದರು. ಇಷ್ಟು ದಿನ ಕೇಳದೆ ಇಟ್ಟುಕೊಂಡಿದ್ದನ್ನು ಈಗ ಕೇಳಿದರು.

"ಮೊದಲನೇ ಬಾಜೂ?"

ಆ ಹಾಡು ಚೆನ್ನಾಗಿತ್ತು. ಒಂದು ಸೀಳಿಲ್ಲ, ಒಂದು ಉಗುಳಿಲ್ಲ, ಸ ಅಂದರೆ ಸ, ಶ ಅಂದರೆ ಶ. ಕೊನೆಯ ಸಾಲಿನಲ್ಲಿ ದನಿ ಮೇಲೇರಿ ನಿಂತಲ್ಲಿ ಕೋಣೆಯಲ್ಲಿ ಆ ಹುಡುಗಿ ನಿಂತಿದ್ದಾಳೆ ಅನ್ನಿಸಿತ್ತು. ಇದನ್ನೆಲ್ಲ ಹೇಗೆ ಬರೆಯುವುದು? ನನ್ನ ಕನ್ನಡ ಬರವಣಿಗೆ ಮೊದಲೇ ಅಷ್ಟಕ್ಕಷ್ಟೇ. "ಚೊಲೊ ಐತಿ," ಎಂದು ಬರೆದೆ. ಬರೆದು ಮುಗಿಸಿ ನೋಡಿದರೆ ಯುಗಾದಿ ಮುಂಚೆ ಹೇಳಿದ ಅದೇ ಎರಡು ಮಾತು. ಕೆಳಗೆ "ಖರೇನ" ಎಂದು ಸೇರಿಸಿದೆ. ಸೇರಿಸಿದ ಮೇಲೆ ಅದು ಇನ್ನೂ ಸುಳ್ಳಿನಂತೆ ಕಂಡಿತು.

ಅವರು ಓದಿದರು. ಆಮೇಲೆ ನನ್ನ ಮುಖವನ್ನು ನೋಡಿದರು, ಬಹಳ ಹೊತ್ತು, ಆ ಭೂತಗನ್ನಡಿ ಇಟ್ಟುಕೊಂಡು ಗೆರೆ ನೋಡಿದಷ್ಟು ಹೊತ್ತು. ನಾನು ಮುಖ ತಿರುಗಿಸಲಿಲ್ಲ. ವೈನಿ ಚಪ್ಪಲಿ ಹಿಡಿದು ಬಂದರು, "ಹೊತ್ತು ಮುಳುಗೂದ್ರಾಗ ಮನಿ ಮುಟ್ಟಬೇಕು, ಏಳ್ರಿ" ಎಂದು ಸನ್ನೆ ಮಾಡಿದರು. ಅವರು ಪ್ಯಾಡು ಮುಚ್ಚಿ ಜೇಬಿಗೆ ಹಾಕಿಕೊಂಡು ಎದ್ದರು.

ನಂಬಿದರೋ ಇಲ್ಲವೋ ಹೇಳಲಿಲ್ಲ. ದೀಪಾವಳಿಯ ಮೇಲೆ ನಾಲ್ಕು ತಿಂಗಳು ಇದ್ದರು, ಆಗಲೂ ಹೇಳಲಿಲ್ಲ. ನಾನೂ ಮತ್ತೆ ಬರೆದು ತೋರಿಸಲಿಲ್ಲ. ಮೂರನೇ ಸಲಕ್ಕೆ ಯಾವ ಮಾತು ಬಳಸಬೇಕೆಂದು ತೋಚಲಿಲ್ಲ.

ಆ ಬಾಜೂ ನಿಜಕ್ಕೂ ಚೆನ್ನಾಗಿದೆ.